ಲೆನ್ಸಿನ ಮೇಲೆ ಹೊರಿಸಿದ ಅಪವಾದ

ಹಳೆಯ ಸೋವಿಯತ್ ಲೆನ್ಸುಗಳ ವಿಷಯದಲ್ಲಿ ಹವ್ಯಾಸಿ ಛಾಯಾಗ್ರಾಹಕರ ನಡುವೆ ಒಂದು ತೀರ್ಪು ಗಟ್ಟಿಯಾಗಿ ನೆಲೆಯೂರಿದೆ. ಜುಪಿಟರ್ ಲೆನ್ಸ್ ಕೊಳ್ಳುವುದೆಂದರೆ ಲಾಟರಿ ಟಿಕೆಟ್ ಕೊಂಡಂತೆ. ಅದೃಷ್ಟವಿದ್ದರೆ ಚೊಕ್ಕ ಲೆನ್ಸ್ ಸಿಕ್ಕೀತು, ಇಲ್ಲವಾದರೆ ಮಸುಕು ಚಿತ್ರವೇ ಗತಿ ಎಂದು ಹೇಳುತ್ತಾರೆ. ಸೋವಿಯತ್ ಕಾರ್ಖಾನೆಗಳಿಗೆ ತಿಂಗಳ ಗುರಿ ಮುಟ್ಟುವುದಷ್ಟೇ ಮುಖ್ಯವಾಗಿತ್ತು, ಜರ್ಮನರದ್ದನ್ನು ನಕಲು ಮಾಡಿದರು, ನಕಲನ್ನೂ ನೆಟ್ಟಗೆ ಮಾಡಲಿಲ್ಲ ಎಂಬುದು ಅದರ ಹಿಂದಿನ ವಾದ. ಸ್ವಲ್ಪ ಹೆಚ್ಚು ಓದಿಕೊಂಡವರು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಸೋವಿಯತ್ ಲೆನ್ಸುಗಳು 52.4 ಮಿ.ಮೀ. ಸಂಗಮದೂರದ ಲೆಕ್ಕದಲ್ಲಿ ತಯಾರಾದವು, ಲೈಕಾ ಕ್ಯಾಮೆರಾ 51.6 ಮಿ.ಮೀ. ಲೆಕ್ಕದ್ದು, ಆದ್ದರಿಂದ ಎರಡೂ ಹೊಂದುವುದೇ ಇಲ್ಲ, ಒಂದು ತೆಳು ಉಂಗುರ ಸೇರಿಸಿದರೆ ಮಾತ್ರ ಹೊಂದುತ್ತವೆ ಎನ್ನುತ್ತಾರೆ.

ಈ ಎರಡು ತೀರ್ಪುಗಳನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ಲೆನ್ಸಿನ ಗಾಜನ್ನು ದೂರುತ್ತದೆ, ಎರಡನೆಯದು ಲೆನ್ಸಿನ ವಿನ್ಯಾಸವನ್ನು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವುದು ಲೆನ್ಸ್ ಒಂದೇ ಅಲ್ಲ. ಲೆನ್ಸು, ಅದು ಕೂರುವ ಮೌಂಟು, ಅದರ ಹಿಂಬದಿಯನ್ನು ಮುಟ್ಟಿ ಚಲಿಸುವ ಸಣ್ಣ ಲೋಹದ ತೋಳು, ಆ ತೋಳು ಹೊರಳಿಸುವ ಕನ್ನಡಿ ಅಥವಾ ಪ್ರಿಸಂ, ಇಷ್ಟೂ ಸೇರಿ ಒಂದು ಅಳತೆಯ ಉಪಕರಣ. ಬೇರೆ ಯಾವುದೋ ದೇಹಕ್ಕೆಂದು ಹೊಂದಿಸಿದ ಲೆನ್ಸನ್ನು ತಂದು, ಹಿಂದೆಂದೂ ಪರೀಕ್ಷಿಸದ ಕ್ಯಾಮೆರಾಕ್ಕೆ ತಿರುಗಿಸಿ ಹಾಕಿ, ಮಸುಕಾಗಿ ಬಂದ ಚಿತ್ರ ನೋಡಿ ಗಾಜಿನ ಮೇಲೆ ತೀರ್ಪು ಕೊಡುವುದು ಅನ್ಯಾಯ. ಈ ಅನ್ಯಾಯದಿಂದಾಗಿ ಒಳ್ಳೆಯ ಲೆನ್ಸುಗಳು ಗುಜರಿಗೂ ಗಾಜಿನ ಬೀರುವಿಗೂ ಹೋಗುತ್ತಿವೆ.

ಈ ಪರಂಪರೆ ಶುರುವಾದದ್ದೇ ಹೊಂದಾಣಿಕೆಯ ಕೆಲಸದಿಂದ. ಖಾರ್ಕಿವ್ ನಗರದಲ್ಲಿ ಮನೆಮಠವಿಲ್ಲದ ಮಕ್ಕಳಿಗಾಗಿ ಶಿಕ್ಷಣತಜ್ಞ ಆಂಟನ್ ಮಕರೆಂಕೊ ನಡೆಸುತ್ತಿದ್ದ ಕಮ್ಯೂನ್ ಒಂದಿತ್ತು. ಫೆಲಿಕ್ಸ್ ಎಡ್ಮುಂಡೊವಿಚ್ ಡ್ಝೆರ್ಝಿನ್‌ಸ್ಕಿ ಹೆಸರಿನ ಆ ಕಮ್ಯೂನಿನ ಕಾರ್ಖಾನೆ 1934ರಲ್ಲಿ ಲೈಕಾ ಮಾದರಿಯ ಕ್ಯಾಮೆರಾಗಳನ್ನು ಸಾಲಾಗಿ ತಯಾರಿಸತೊಡಗಿತು. ಹೆಸರಿನ ಮೊದಲಕ್ಷರಗಳೇ ಕ್ಯಾಮೆರಾದ ಹೆಸರಾಯಿತು: ಫೆಡ್. ಆ ಮೊದಲ ವರ್ಷಗಳ ಫೆಡ್‌ಗಳಲ್ಲಿ ಮೌಂಟಿನ ಮುಖದಿಂದ ಫಿಲ್ಮಿನವರೆಗಿನ ದೂರಕ್ಕೆ ಒಂದೇ ನಿಗದಿತ ಅಳತೆ ಇರಲಿಲ್ಲ. ಪ್ರತಿ ದೇಹಕ್ಕೂ ಅದರದೇ ಲೆನ್ಸನ್ನು ಕೈಯಿಂದ ಹೊಂದಿಸಿ, ಜೋಡಿಯಾಗಿ ಕಾರ್ಖಾನೆಯಿಂದ ಹೊರಗೆ ಕಳಿಸುತ್ತಿದ್ದರು. ಆ ಜೋಡಿ ಒಡೆಯದೆ ಉಳಿದಿದ್ದರೆ ಇಂದಿಗೂ ಚಿತ್ರ ಹರಿತವಾಗಿ ಬರುತ್ತದೆ. ಆ ಲೆನ್ಸನ್ನು ಬಿಚ್ಚಿ ಇನ್ನೊಂದು ಫೆಡ್‌ಗೆ ಹಾಕಿದರೆ ಬರುವುದಿಲ್ಲ. ಇದನ್ನು ಗುಣಮಟ್ಟದ ಕೊರತೆಯೆನ್ನಲು ನಾನು ಸಿದ್ಧನಿಲ್ಲ. ತಯಾರಿಕೆಯ ವಿಧಾನವೇ ಹಾಗಿತ್ತು, ಆ ವಿಧಾನಕ್ಕೆ ತಕ್ಕ ಎಚ್ಚರಿಕೆಯನ್ನು ಮುಂದಿನ ಮಾಲೀಕರು ತೋರಲಿಲ್ಲ.

ಆಮೇಲೆ ಲೈಕಾದ 28.8 ಮಿ.ಮೀ. ಅಳತೆಯೇ ಫೆಡ್‌ಗೂ ನಿಂತಿತು. ಯುದ್ಧದಲ್ಲಿ ಖಾರ್ಕಿವ್ ಕಾರ್ಖಾನೆ ನಾಶವಾಗಿತ್ತು. 1948ರಲ್ಲಿ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಅದೇ ಮಾದರಿಯ ಝೋರ್ಕಿ ಎಂಬ ಕ್ಯಾಮೆರಾವನ್ನು ಹೊರತಂದಿತು. 1956ರಿಂದ 1973ರವರೆಗೆ ತಯಾರಾದ ಝೋರ್ಕಿ-4 ಒಂದೇ 17 ಲಕ್ಷ ಮೀರಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೊಂದಕ್ಕೂ ಲೆನ್ಸನ್ನು ಕೈಯಲ್ಲಿ ಉಜ್ಜಿ ಜೋಡಿಸುವುದು ಆಗದ ಮಾತು. ಅಳತೆ ಒಂದೇ ಇರಲೇಬೇಕು, ಇತ್ತು ಕೂಡ. ಆದರೂ ಮೌಂಟಿನ ಉಂಗುರದ ಹಿಂದೆ ತೆಳು ಕಾಗದದ ಪದರಗಳನ್ನಿಟ್ಟು ಕೊನೆಯ ಹೊಂದಾಣಿಕೆ ಮಾಡುವ ಪದ್ಧತಿ ಉಳಿಯಿತು. ಈಗ ಯಾರಾದರೂ ಆ ಉಂಗುರ ಬಿಚ್ಚಿದಾಗ ಉದುರುವ ಕಾಗದದ ಚೂರನ್ನು ಕಸವೆಂದು ಎಸೆದುಬಿಡುತ್ತಾರೆ. ಅಲ್ಲಿಗೆ ಆ ದೇಹದ ಅಳತೆ ಕಳೆದುಹೋಯಿತು. ಮುಂದೆ ಅದಕ್ಕೆ ಹಾಕಿದ ಲೆನ್ಸುಗಳಿಗೆಲ್ಲ ಕೆಟ್ಟ ಹೆಸರು.

ಈಗ 52.4ರ ವಾದಕ್ಕೆ ಬರುತ್ತೇನೆ. ಇದರಲ್ಲಿ ಸತ್ಯವಿದೆ, ಅದಕ್ಕೇ ಇದನ್ನು ಸಾವಧಾನವಾಗಿ ಎದುರಿಸಬೇಕು. ಜುಪಿಟರ್-8 ಮತ್ತು ಜುಪಿಟರ್-3 ಲೆನ್ಸುಗಳು ಲುಡ್ವಿಗ್ ಬೆರ್ಟೆಲೆ ಝೈಸ್ ಸಂಸ್ಥೆಗಾಗಿ 1930ರ ದಶಕದಲ್ಲಿ ರೂಪಿಸಿದ ಸೊನ್ನಾರ್‌ನ ಮಕ್ಕಳು. ಯುದ್ಧದ ನಂತರ ಝೈಸ್‌ನ ಯಂತ್ರಗಳೂ ಗಾಜೂ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಝೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾ ಕೀವ್ ನಗರದ ಆರ್ಸೆನಾಲ್ ಕಾರ್ಖಾನೆಯಲ್ಲಿ ಕೀವ್ ಎಂಬ ಹೆಸರಿನಿಂದ ಮರುಹುಟ್ಟು ಪಡೆಯಿತು. ಜರ್ಮನ್ ಗಾಜಿನ ದಾಸ್ತಾನು ಕರಗತೊಡಗಿದಾಗ ಸೋವಿಯತ್ ಗಾಜಿಗೆ ತಕ್ಕಂತೆ ಸೂತ್ರವನ್ನು ಮತ್ತೆ ಲೆಕ್ಕ ಹಾಕಿದರು. ಹೀಗಾಗಿ ಬರೀ ನಕಲು ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಕಾಂಟ್ಯಾಕ್ಸ್‌ನಲ್ಲಿ 50 ಮಿ.ಮೀ. ಲೆನ್ಸಿನ ಫೋಕಸ್ ಥ್ರೆಡ್ ಇರುವುದು ಕ್ಯಾಮೆರಾದ ದೇಹದಲ್ಲಿ. ಆ ಮೌಂಟಿಗೆ ಬರುವ ಪ್ರತಿ 50ರ ನಿಜವಾದ ಸಂಗಮದೂರವೂ ಒಂದೇ ಇರಬೇಕಾಗುತ್ತದೆ, ಅದು 52.4 ಮಿ.ಮೀ. ಅದೇ ಗಾಜಿನ ಗುಂಪನ್ನು ಕೀವ್‌ಗೂ ಬಳಸಿದರು, ಥ್ರೆಡ್ ಮೌಂಟಿನ ಕವಚದಲ್ಲಿ ಕೂರಿಸಿ ಝೋರ್ಕಿಗೂ ಬಳಸಿದರು.

ಲೈಕಾದಲ್ಲಿ ಲೆಕ್ಕ ಬೇರೆ. 51.6 ಮಿ.ಮೀ. ಸಂಗಮದೂರದ ಲೆನ್ಸ್ ಎಷ್ಟು ಮುಂದೆ ಸರಿಯುತ್ತದೋ, ರೇಂಜ್‌ಫೈಂಡರಿನ ತೋಳೂ ಅಷ್ಟೇ ಸರಿಯಬೇಕು ಎಂಬ ಆಧಾರದ ಮೇಲೆ ಅದರ ಯಂತ್ರಾಂಗ ನಿಂತಿದೆ. ಹಾಗಾದರೆ ವ್ಯತ್ಯಾಸ ಎಷ್ಟು? ಫಿಲ್ಮಿನಿಂದ 1 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಲು 51.6ರ ಲೆನ್ಸ್ ಇನ್ಫಿನಿಟಿಯ ಸ್ಥಾನದಿಂದ ಸುಮಾರು 2.98 ಮಿ.ಮೀ. ಮುಂದೆ ಬರಬೇಕು, 52.4ರ ಲೆನ್ಸ್ 3.08 ಮಿ.ಮೀ. ಬರಬೇಕು. ಕೊರತೆ 0.1 ಮಿ.ಮೀ. ಒಂದೂವರೆ ಮೀಟರಿನಲ್ಲಿ ಅದು 0.06ಕ್ಕೆ ಇಳಿಯುತ್ತದೆ, 3 ಮೀಟರಿನಲ್ಲಿ 0.03ಕ್ಕೆ, ಇನ್ಫಿನಿಟಿಯಲ್ಲಿ ಸೊನ್ನೆಗೆ.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವವರು ಕಡಿಮೆ. ಫಿಲ್ಮಿನ ಬಳಿ ಫೋಕಸ್ ಅತ್ತಿತ್ತ ಎಷ್ಟರವರೆಗೆ ಜಾರಿದರೆ ಕಣ್ಣಿಗೆ ಕಾಣದು ಎಂಬುದಕ್ಕೆ 35 ಮಿ.ಮೀ. ಫಿಲ್ಮಿನಲ್ಲಿ ಒಂದು ವಾಡಿಕೆಯ ಲೆಕ್ಕವಿದೆ: ಅಪರ್ಚರಿನ ಸಂಖ್ಯೆಯನ್ನು 0.03ರಿಂದ ಗುಣಿಸಿದಷ್ಟು. ಎಫ್/2ರಲ್ಲಿ ಎರಡೂ ಕಡೆಗೆ 0.06 ಮಿ.ಮೀ., ಎಫ್/4ರಲ್ಲಿ 0.12 ಮಿ.ಮೀ. ಅಂದರೆ ಹೊಂದದ ಜೋಡಿಯ ಆ 0.1 ಮಿ.ಮೀ. ಕೊರತೆ ಅತಿ ಹತ್ತಿರದ ದೂರದಲ್ಲೂ ಎಫ್/4ರಲ್ಲಿ ಮುಚ್ಚಿಹೋಗುತ್ತದೆ. ಎಫ್/2ರಲ್ಲಿ ಒಂದೂವರೆ ಮೀಟರ್ ದಾಟಿದರೆ ಅಂಚಿನಲ್ಲಿ ನಿಲ್ಲುತ್ತದೆ, 3 ಮೀಟರಿನಲ್ಲಿ ಇಲ್ಲವೆನ್ನುವಷ್ಟು ಸಣ್ಣದಾಗುತ್ತದೆ. ತೊಂದರೆ ಇರುವುದು ಒಂದು ಸಣ್ಣ ಪಟ್ಟಿಯಲ್ಲಿ: ಒಂದೂವರೆ ಮೀಟರಿಗಿಂತ ಹತ್ತಿರ, ಅಪರ್ಚರ್ ಪೂರ್ತಿ ತೆರೆದು ತೆಗೆಯುವ ಮುಖಚಿತ್ರ. ಅಲ್ಲಿ ಫೋಕಸ್ ಸುಮಾರು 3 ಸೆಂ.ಮೀ. ಹಿಂದಕ್ಕೆ ಬೀಳುತ್ತದೆ, ಕಣ್ಣಿನ ಬದಲು ಕಿವಿ ಹರಿತವಾಗುತ್ತದೆ. ಅದು ಸಣ್ಣ ದೋಷವೆಂದು ನಾನು ಹೇಳುವುದಿಲ್ಲ. ಆದರೆ ಬೀದಿಯ ನೋಟವನ್ನು, ಬೆಟ್ಟವನ್ನು, ಐದು ಮೀಟರ್ ದೂರದ ಮನೆಯ ಬಾಗಿಲನ್ನು ಎಫ್/5.6ರಲ್ಲಿ ತೆಗೆದು, ಚಿತ್ರ ಮಸುಕಾಗಿದೆ, ಕಾರಣ 52.4 ಎಂದು ಬರೆಯುವವರ ಮಾತಿಗೆ ಲೆಕ್ಕದ ಆಧಾರವೇ ಇಲ್ಲ. ಅಂಥ ಚಿತ್ರ ಕೆಟ್ಟಿದ್ದರೆ ಕಾರಣ ಬೇರೆ ಇದೆ, ಅದನ್ನು ಹುಡುಕಬೇಕು. 52.4 ಎಂಬ ಸಂಖ್ಯೆ ಕೈಗೆ ಸಿಕ್ಕ ಮೇಲೆ ಯಾರೂ ಹುಡುಕುವ ಗೋಜಿಗೆ ಹೋಗುತ್ತಿಲ್ಲ.

ಇನ್ನೊಂದು ವಿಷಯ. 51.6ರ ಪಾವಿತ್ರ್ಯವನ್ನು ಸ್ವತಃ ಲೈಕಾದವರೇ ಅಷ್ಟೊಂದು ಎತ್ತಿ ಹಿಡಿದವರಲ್ಲ. ಅವರ ಎಂ ಮೌಂಟಿನ ಹಳೆಯ 50 ಮಿ.ಮೀ. ಲೆನ್ಸುಗಳ ಮೇಲೆ ಸಣ್ಣದಾಗಿ ಕೆತ್ತಿದ ಎರಡಂಕಿಯ ಗುರುತು ನೋಡಿ: 16 ಎಂದಿದ್ದರೆ ಆ ಲೆನ್ಸಿನ ನಿಜ ಸಂಗಮದೂರ 51.6, 19 ಎಂದಿದ್ದರೆ 51.9, 22 ಎಂದಿದ್ದರೆ 52.2. ಗಾಜು ಕರಗಿಸುವಲ್ಲಿ, ಅರೆಯುವಲ್ಲಿ, ಜೋಡಿಸುವಲ್ಲಿ ಆಗುವ ಏರುಪೇರನ್ನು ಅವರು ಒಪ್ಪಿಕೊಂಡರು, ಅಳೆದರು, ಅಳತೆಗೆ ತಕ್ಕಂತೆ ತೋಳನ್ನು ತಳ್ಳುವ ಕ್ಯಾಮನ್ನು ಕೊರೆದರು. ಅವರ 52.2ರ ಸಮ್ಮಿಕ್ರಾನ್ ಲೆನ್ಸ್ ಲೈಕಾದ ಮೇಲೆ ಹರಿತವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅದರ ಕ್ಯಾಮ್ 52.2ಕ್ಕೆ ಹೊಂದಿದೆ. ಸಂಗಮದೂರ ಎಷ್ಟೇ ಇರಲಿ, ಗಾಜಿನ ಚಲನೆಯನ್ನೂ ತೋಳಿನ ಚಲನೆಯನ್ನೂ ಯಾರಾದರೂ ಕೂರಿಸಿಕೊಟ್ಟಿದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಜಪಾನಿನಿಂದ ಇದಕ್ಕೊಂದು ಸಾಕ್ಷಿ ಇದೆ. ನಿಕಾನ್‌ನ ಎಸ್ ಸರಣಿಯ ಕ್ಯಾಮೆರಾಗಳು ಕಾಂಟ್ಯಾಕ್ಸ್‌ನ ಬಯೋನೆಟ್ ಮೌಂಟನ್ನೇ ತೆಗೆದುಕೊಂಡವು, ಆದರೆ ಫೋಕಸಿನ ಲೆಕ್ಕವನ್ನು ಲೈಕಾದಂತೆ ಇಟ್ಟುಕೊಂಡವು. ನೋಡಲು ಒಂದೇ ಮೌಂಟು. ಉದ್ದ ಲೆನ್ಸುಗಳನ್ನು ಅದಲುಬದಲು ಮಾಡಿದರೆ ಹತ್ತಿರದಲ್ಲಿ ಫೋಕಸ್ ತಪ್ಪುತ್ತದೆ. ಕಾಂಟ್ಯಾಕ್ಸ್‌ಗೆಂದೇ ಹೊಂದಿಸಿದ ನಿಕ್ಕೋರ್ ಲೆನ್ಸುಗಳ ಮೇಲೆ ಸಿ ಅಕ್ಷರ ಹಾಕಿ ಮಾರಿದರು. ಇಷ್ಟಾದರೂ ನಿಕ್ಕೋರ್ ಲೆನ್ಸ್ ಕಳಪೆಯೆಂದು ಯಾರೂ ಹೇಳಿಲ್ಲ, ಹೊಂದದ ಕ್ಯಾಮೆರಾಕ್ಕೆ ಹಾಕಬೇಡಿ ಎಂದಷ್ಟೇ ಹೇಳಿದರು. ಅದೇ ಅಳತೆಯ ಭೇದ ಸೋವಿಯತ್ ಲೆನ್ಸಿನಲ್ಲಿ ಕಂಡಾಗ ಮಾತ್ರ ಅದು ಕಾರ್ಖಾನೆಯ ಚಾರಿತ್ರ್ಯದ ಪ್ರಶ್ನೆಯಾಗುತ್ತದೆ. ಇಲ್ಲಿ ಪೂರ್ವಗ್ರಹ ಕೆಲಸ ಮಾಡಿದೆ ಎನ್ನಲು ನನಗೆ ಅಳುಕಿಲ್ಲ.

ಶಿಮ್ ಎಂಬ ತೆಳು ಉಂಗುರದ ಕಥೆಗೆ ಬರೋಣ. ಜುಪಿಟರ್-8 ಅಥವಾ ಜುಪಿಟರ್-3ರ ಗಾಜಿನ ಗುಂಪು ಇಡಿಯಾಗಿ ಫೋಕಸ್ ಕವಚದಿಂದ ತಿರುಗಿಸಿದರೆ ಹೊರಬರುತ್ತದೆ. ಎರಡರ ನಡುವೆ ಒಂದು ಲೋಹದ ಉಂಗುರ ಇರುತ್ತದೆ. ಅದರ ದಪ್ಪ ಹೆಚ್ಚಿಸಿದರೆ ಗಾಜು ಫಿಲ್ಮಿನಿಂದ ದೂರ ಸರಿಯುತ್ತದೆ, ಕಡಿಮೆ ಮಾಡಿದರೆ ಹತ್ತಿರ ಬರುತ್ತದೆ. ಲೈಕಾಕ್ಕೆ ಹಾಕುವುದಿದ್ದರೆ 0.1 ಮಿ.ಮೀ. ಸೇರಿಸಿ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಆದರೆ ಶಿಮ್ ಮಾಡುವುದು ಇಡೀ ಅಳತೆಯನ್ನು ಒಂದೇ ಸಮನೆ ಸರಿಸುವ ಕೆಲಸ. 52.4ರ ತೊಂದರೆ ದೂರಕ್ಕೆ ತಕ್ಕಂತೆ ಬದಲಾಗುವಂಥದ್ದು. ದಿನಕ್ಕೆ ಐದು ನಿಮಿಷ ಹಿಂದೆ ಬೀಳುವ ಗಡಿಯಾರದ ಮುಳ್ಳನ್ನು ಐದು ನಿಮಿಷ ಮುಂದಿಟ್ಟರೆ ಗಡಿಯಾರ ಸರಿಯಾಗುವುದಿಲ್ಲ. ಪೂರ್ತಿ 0.1 ಮಿ.ಮೀ. ಸೇರಿಸಿದಾಗ 1 ಮೀಟರಿನಲ್ಲಿ ಕಣ್ಣು ಹರಿತವಾಗುತ್ತದೆ ನಿಜ, ಅತ್ತ ಇನ್ಫಿನಿಟಿ ಎಂದು ತಿರುಗಿಸಿಟ್ಟ ಲೆನ್ಸು ವಾಸ್ತವದಲ್ಲಿ ಸುಮಾರು 27 ಮೀಟರಿಗೆ ಫೋಕಸ್ ಆಗಿ ನಿಲ್ಲುತ್ತದೆ. ಎಫ್/2ರಲ್ಲಿ ದೂರದ ದೃಶ್ಯವೆಲ್ಲ ಮಂಕು. ಆಗ ಅದೇ ಮನುಷ್ಯ ಮತ್ತೆ ಲೆನ್ಸನ್ನೇ ಬಯ್ಯುತ್ತಾನೆ.

ಅರ್ಧದಷ್ಟು, 0.05 ಮಿ.ಮೀ. ಸೇರಿಸಿದರೆ ಮಾತು ಬೇರೆ. ಹತ್ತಿರದಲ್ಲೂ ದೂರದಲ್ಲೂ 0.05ರ ತಪ್ಪು ಉಳಿಯುತ್ತದೆ, ಎರಡೂ ಎಫ್/2ರ 0.06ರೊಳಗೆ ಬರುತ್ತವೆ. ಇದು ಒಳ್ಳೆಯ ರಾಜಿ, ಜುಪಿಟರ್-8ಕ್ಕೆ ನಾನೂ ಇದನ್ನೇ ಶಿಫಾರಸು ಮಾಡುತ್ತೇನೆ. ರಾಜಿಯನ್ನು ರಾಜಿಯೆಂದೇ ಕರೆಯಬೇಕು, ಅದನ್ನು ಚಿಕಿತ್ಸೆ ಎನ್ನುವುದು ತಪ್ಪು. ಎಫ್/1.5ರ ಜುಪಿಟರ್-3ರಲ್ಲಿ ಅನುಮತಿ ಇರುವುದೇ 0.045, ಅಲ್ಲಿ ಈ ರಾಜಿಗೂ ಜಾಗ ಸಾಲದು. ಅದನ್ನು ಬಲ್ಲ ರಿಪೇರಿಗಾರರು ಶಿಮ್ ಒಂದನ್ನೇ ನಂಬುವುದಿಲ್ಲ. ಹಿಂಭಾಗದ ಗಾಜಿನ ಗುಂಪನ್ನು ಮುಂದಿನ ಗುಂಪಿನತ್ತ ಕೂದಲೆಳೆಯಷ್ಟು ಸರಿಸಿ ಸಂಗಮದೂರವನ್ನೇ ತುಸು ಕುಗ್ಗಿಸಿ, ಆಮೇಲೆ ಶಿಮ್ ದಪ್ಪವನ್ನು ಅದಕ್ಕೆ ಹೊಂದಿಸುತ್ತಾರೆ. ಅದು ತಾಳ್ಮೆಯ ಕೆಲಸ, ಪ್ರತಿ ಹೆಜ್ಜೆಗೂ ಅಳೆದು ನೋಡಬೇಕಾದ ಕೆಲಸ.

ಸೊನ್ನಾರ್ ಕುಟುಂಬಕ್ಕೆ ಇನ್ನೊಂದು ಸ್ವಭಾವವೂ ಇದೆ, ಇದು ಸೋವಿಯತ್‌ನದಲ್ಲ, ಬೆರ್ಟೆಲೆಯ ವಿನ್ಯಾಸದಲ್ಲೇ ಇರುವಂಥದ್ದು. ಪೂರ್ತಿ ತೆರೆದಾಗ ಫೋಕಸ್ ಒಂದು ಕಡೆ ನಿಂತರೆ, ಅಪರ್ಚರ್ ಕಿರಿದು ಮಾಡುತ್ತ ಹೋದಂತೆ ಅದು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಗೋಳೀಯ ದೋಷವನ್ನು ಅಲ್ಲಿ ಪೂರ್ತಿ ತಿದ್ದಿಲ್ಲ. ಆ ಲೆನ್ಸುಗಳ ಮುಖಚಿತ್ರಗಳಲ್ಲಿ ಕಾಣುವ ಮೃದು ಹೊಳಪಿಗೂ ಅದೇ ಕಾರಣ. ಝೈಸ್ ಈ ಶತಮಾನದಲ್ಲಿ ಮರಳಿ ತಂದ 50 ಮಿ.ಮೀ. ಎಫ್/1.5ರ ಸಿ-ಸೊನ್ನಾರ್‌ನಲ್ಲೂ ಈ ಜಾರುವಿಕೆ ಇದೆ, ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ, ಗ್ರಾಹಕರು ಅದನ್ನು ವ್ಯಕ್ತಿತ್ವವೆಂದು ಮೆಚ್ಚಿದರು. ಹತ್ತಿರದ ದೂರದಲ್ಲಿ 52.4ರ ತಪ್ಪೂ ಹಿಂದಕ್ಕೇ, ಈ ಜಾರುವಿಕೆಯೂ ಹಿಂದಕ್ಕೇ. ಎರಡೂ ಒಂದೇ ದಿಕ್ಕಿನಲ್ಲಿ ಕೂಡಿಕೊಂಡಾಗ ಜುಪಿಟರ್-3 ಲೈಕಾದ ಮೇಲೆ ತೀರಾ ಕೆಟ್ಟದಾಗಿ ವರ್ತಿಸುತ್ತದೆ. ಎಫ್/1.5ರಲ್ಲಿ ಪರೀಕ್ಷಿಸಿದವರು ಒಂದು ಹೇಳುತ್ತಾರೆ, ಎಫ್/2.8ರಲ್ಲಿ ಪರೀಕ್ಷಿಸಿದವರು ಇನ್ನೊಂದು. ಯಾವ ಅಪರ್ಚರಿನಲ್ಲಿ, ಯಾವ ದೂರದಲ್ಲಿ ನೋಡಿದಿರಿ ಎಂದು ಕೇಳದೆ ಈ ಸಾಕ್ಷ್ಯಗಳನ್ನು ಒಂದರ ಪಕ್ಕ ಒಂದಿಟ್ಟರೆ ಲೆನ್ಸಿಗೊಂದು ಗುಣ ಎಂಬ ಭ್ರಮೆ ಹುಟ್ಟುವುದು ಸಹಜ.

ಸೋವಿಯತ್ ಲೆನ್ಸನ್ನು ಸೋವಿಯತ್ ದೇಹಕ್ಕೆ ಹಾಕಿದಾಗಲೂ ತೊಂದರೆ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ, ಅದಕ್ಕೆ ಪರಿಹಾರವೂ ದೇಹದಲ್ಲೇ ಇದೆ. ಲೈಕಾದಲ್ಲಿ ತೋಳಿನ ತುದಿಗೆ ಉರುಳುವ ಸಣ್ಣ ಗಾಲಿ ಇರುತ್ತದೆ. ಫೆಡ್ ಮತ್ತು ಝೋರ್ಕಿಗಳಲ್ಲಿ ಬೆಣೆಯಂಥ ಲೋಹದ ತುಂಡು. ಲೈಕಾ ಎಂದು ಸುಳ್ಳು ಹೆಸರು ಕೆತ್ತಿ ಮಾರುವ ಫೆಡ್‌ಗಳನ್ನು ಗುರುತಿಸಲು ಲೆನ್ಸ್ ಬಿಚ್ಚಿ ಈ ತುದಿಯನ್ನು ನೋಡಿದರೆ ಸಾಕು. ಆ ಬೆಣೆ ಬರೀ ಅಗ್ಗದ ಬದಲಿಯಲ್ಲ. ಅದನ್ನು ತುಸು ಹೊರಳಿಸಿದರೆ ಹತ್ತಿರದ ದೂರದಲ್ಲಿ ರೇಂಜ್‌ಫೈಂಡರ್ ತೋರಿಸುವ ಲೆಕ್ಕ ಬದಲಾಗುತ್ತದೆ. ಇನ್ಫಿನಿಟಿಯನ್ನು ಸರಿಪಡಿಸುವ ತಿರುಪು ಬೇರೆ, ಮುಂಭಾಗದ ಸಣ್ಣ ಮುಚ್ಚುತಿರುಪಿನ ಹಿಂದೆ ಇರುತ್ತದೆ. ಅಂದರೆ ಎರಡು ಬೇರೆ ಬೇರೆ ಹಿಡಿತಗಳು: ಒಂದು ಇಡೀ ಅಳತೆಯನ್ನು ಸರಿಸುತ್ತದೆ, ಇನ್ನೊಂದು ಅದರ ಏರಿಳಿತದ ದರವನ್ನೇ ತಿದ್ದುತ್ತದೆ. ಶಿಮ್ ಮಾಡಲಾಗದ ಕೆಲಸವನ್ನು ಈ ಬೆಣೆ ಮಾಡುತ್ತದೆ. ಝೋರ್ಕಿಯೊಂದನ್ನು ಜುಪಿಟರ್-8ಕ್ಕೆ 1 ಮೀಟರಿನಲ್ಲೂ ಇನ್ಫಿನಿಟಿಯಲ್ಲೂ ಸರಿಹೊಂದುವಂತೆ ಕೂರಿಸಬಹುದು, ಆಗ 52.4 ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ಅನುಕ್ರಮ ತಪ್ಪಿಸುವುದೇ ದೊಡ್ಡ ಹಾನಿ. ಹಲವರು ಲೆನ್ಸ್ ಹಾಕಿ, ಇನ್ಫಿನಿಟಿಗೆ ತಿರುಗಿಸಿ, ದೂರದ ಗೋಪುರದ ಎರಡು ಬಿಂಬ ಒಂದಾಗುವವರೆಗೆ ರೇಂಜ್‌ಫೈಂಡರ್ ತಿರುಪು ತಿರುಗಿಸಿ ಕೆಲಸ ಮುಗಿಯಿತೆನ್ನುತ್ತಾರೆ. ಲೆನ್ಸೇ ಫಿಲ್ಮಿನ ಮೇಲೆ ಇನ್ಫಿನಿಟಿಗೆ ಫೋಕಸ್ ಆಗದೆ ಇದ್ದರೆ? ಆಗ ಸುಳ್ಳು ಹೇಳುವ ಲೆನ್ಸಿಗೆ ರೇಂಜ್‌ಫೈಂಡರನ್ನು ಹೊಂದಿಸಿದಂತಾಯಿತು. ಮೊದಲು ನೋಡಬೇಕಾದದ್ದು ಫಿಲ್ಮಿನ ಸಮತಲ. ಫೆಡ್-2, ಝೋರ್ಕಿ-4ರಂಥ ಹಿಂಬದಿ ತೆಗೆಯಬಹುದಾದ ಕ್ಯಾಮೆರಾಗಳಲ್ಲಿ ಇದು ಸುಲಭ. ಶಟರನ್ನು ಬಿ ಸ್ಥಾನದಲ್ಲಿ ತೆರೆದು ಹಿಡಿದು, ಫಿಲ್ಮ್ ಕೂರುವ ಹಳಿಗಳ ಮೇಲೆ ಮಂಜು ಗಾಜಿನ ತುಂಡೊಂದನ್ನು, ಮಂಜಾದ ಮುಖ ಲೆನ್ಸಿನ ಕಡೆಗಿರುವಂತೆ ಒತ್ತಿ, ಭೂತಗನ್ನಡಿಯಿಂದ ದೂರದ ದೃಶ್ಯವನ್ನು ಅಪರ್ಚರ್ ಪೂರ್ತಿ ತೆರೆದು ನೋಡಬೇಕು. ಹಳಿಗಳು ಎರಡು ಜೊತೆ ಇರುತ್ತವೆ. ಫಿಲ್ಮ್ ಒರಗುವುದು ಒಳಗಿನವಕ್ಕೆ, ಗಾಜಿನ ತುಂಡನ್ನೂ ಒಳಗಿನವಕ್ಕೇ ಕೂರುವ ಅಗಲಕ್ಕೆ ಕತ್ತರಿಸಿಕೊಳ್ಳಬೇಕು. ಅಲ್ಲಿ ಇನ್ಫಿನಿಟಿ ಹರಿತವಾಗಿದ್ದರೆ ಮಾತ್ರ ರೇಂಜ್‌ಫೈಂಡರಿನ ಕೆಲಸ ಶುರು. ದೂರ ಸರಿ ಮಾಡಿದ ಮೇಲೆ 1 ಮೀಟರಿನ ಗುರುತು, ಅದಕ್ಕಾಗಿ ಬೆಣೆ ಹೊರಳಿಸಿದರೆ ದೂರ ಮತ್ತೆ ತುಸು ಕೆಡುತ್ತದೆ, ಮತ್ತೆ ತಿರುಪು, ಮತ್ತೆ ಬೆಣೆ. ಫೆಡ್-2ರಲ್ಲಿ ಎರಡು ಕಿಟಕಿಗಳ ನಡುವಿನ ಅಂತರ 67 ಮಿ.ಮೀ., ಝೋರ್ಕಿ-4ರಲ್ಲಿ 38 ಮಿ.ಮೀ. ಅಂತರ ಹೆಚ್ಚಿದ್ದಷ್ಟೂ ಸಣ್ಣ ತಪ್ಪು ಕಣ್ಣಿಗೆ ಬೀಳುತ್ತದೆ. ಈ ಕೆಲಸ ಕಲಿಯುವವರಿಗೆ ನಾನು ಫೆಡ್-2ನ್ನೇ ಸೂಚಿಸುವುದು ಇದಕ್ಕಾಗಿ. ಹಿಂಬದಿ ತೆರೆಯದ ಮೊದಲ ಫೆಡ್, ಮೊದಲ ಝೋರ್ಕಿಗಳಲ್ಲಿ ಚಿಪ್ಪನ್ನೇ ಕಳಚಬೇಕಾಗುತ್ತದೆ, ಅದನ್ನು ಬಲ್ಲವರಿಗೆ ಬಿಡುವುದು ಮೇಲು.

ಥ್ರೆಡ್ಡಿನ ಬಗ್ಗೆ ಇರುವ ಭಯವನ್ನು ಬೇಗ ಮುಗಿಸಬಹುದು. ಲೈಕಾದ 39 ಮಿ.ಮೀ. ಥ್ರೆಡ್ ಇಂಚಿಗೆ 26 ಸುತ್ತಿನದು, ಅಂದರೆ ಸುತ್ತಿಗೆ 0.977 ಮಿ.ಮೀ.; ಸೋವಿಯತ್ ಥ್ರೆಡ್ಡನ್ನು ಸುತ್ತಿಗೆ 1 ಮಿ.ಮೀ. ಎಂದು ಗುರುತಿಸುತ್ತಾರೆ. ಲೆನ್ಸು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಥ್ರೆಡ್ ಅಲ್ಲ, ಮೌಂಟಿನ ಮುಖಕ್ಕೆ ಲೆನ್ಸಿನ ಮುಖ ಒರಗುವ ಜಾಗ. ಪೂರ್ತಿ ಒರಗಿದರೆ ಫೋಕಸಿಗೆ ಥ್ರೆಡ್ಡಿನ ಗೊಡವೆಯಿಲ್ಲ. ಬಿಗಿಯೆನಿಸಿದರೆ ಬಲವಂತ ಮಾಡದಿರುವುದು ಜಾಣತನ, ಅಷ್ಟೇ.

ಗಮನ ಕೊಡಬೇಕಾದ ಅಪಾಯಗಳು ಬೇರೆ ಇವೆ. ಝೆನಿಟ್ ಎಂಬ ಎಸ್‌ಎಲ್‌ಆರ್ ಕ್ಯಾಮೆರಾದ ಮೊದಲ ಮಾದರಿಗಳಿಗೂ ಇದೇ 39 ಮಿ.ಮೀ. ಥ್ರೆಡ್ ಇತ್ತು, ಆದರೆ ಮೌಂಟಿನಿಂದ ಫಿಲ್ಮಿಗೆ 45.2 ಮಿ.ಮೀ. ಆ ಲೆನ್ಸು ಝೋರ್ಕಿಗೆ ಸಲೀಸಾಗಿ ತಿರುಗಿ ಕೂರುತ್ತದೆ, ಫಿಲ್ಮಿಗೆ 16.4 ಮಿ.ಮೀ. ಹೆಚ್ಚು ಹತ್ತಿರ. ಒಂದೇ ಒಂದು ಚಿತ್ರವೂ ಸರಿ ಬರುವುದಿಲ್ಲ. ಇಂಡಸ್ಟಾರ್-50 ಎರಡೂ ಬಗೆಯ ಕವಚದಲ್ಲಿ ಬಂದದ್ದರಿಂದ ಮಾರುವವರು ಗೊಂದಲದಲ್ಲಿ ಕಳಿಸುತ್ತಾರೆ, ಕೊಂಡವರು ಇಂಡಸ್ಟಾರ್ ಕೆಟ್ಟದ್ದು ಎನ್ನುತ್ತಾರೆ. ಜುಪಿಟರ್-12ರ ಹಿಂಭಾಗದ ಗಾಜು ಕ್ಯಾಮೆರಾದೊಳಕ್ಕೆ ಆಳವಾಗಿ ಚಾಚುತ್ತದೆ. ಲೈಕಾ ಎಂ5 ಮತ್ತು ಸಿಎಲ್‌ಗಳಲ್ಲಿ ಬೆಳಕು ಅಳೆಯುವ ಕಡ್ಡಿ ಅದೇ ಜಾಗದಲ್ಲಿ ಏಳುತ್ತದೆ, ಅವಕ್ಕೆ ಈ ಲೆನ್ಸನ್ನು ಹಾಕಲೇಬಾರದು.

ಲಾಟರಿ ಎಂಬ ಅಪಕೀರ್ತಿ ಎಲ್ಲಕ್ಕಿಂತ ಹೆಚ್ಚಾಗಿ ಅಂಟಿರುವುದು 85 ಮಿ.ಮೀ. ಜುಪಿಟರ್-9ಕ್ಕೆ. ಅದರ ಕಾರಣವನ್ನೂ ಲೆಕ್ಕದಿಂದಲೇ ನೋಡಬಹುದು. ಅದರ ಅತಿ ಹತ್ತಿರದ ದೂರವಾದ 1.15 ಮೀಟರಿಗೆ ಗಾಜು ಸುಮಾರು 7.4 ಮಿ.ಮೀ. ಮುಂದೆ ಬರಬೇಕು. ಆದರೆ ಕ್ಯಾಮೆರಾದ ತೋಳಿಗೆ ಗೊತ್ತಿರುವುದು 50ರ ಭಾಷೆ, ಅದಕ್ಕೆ ಸುಮಾರು 2.55 ಮಿ.ಮೀ. ಚಲನೆ ಸಾಕು. ಒಂದೇ ಉಂಗುರ ತಿರುಗಿಸಿದಾಗ ಗಾಜು ಒಂದು ವೇಗದಲ್ಲಿ, ಕ್ಯಾಮ್ ಅದರ ಸುಮಾರು ಮೂರನೇ ಒಂದು ವೇಗದಲ್ಲಿ ಸಾಗಬೇಕು, ಅದೂ ಎಫ್/2ರ 0.06 ಮಿ.ಮೀ. ಅಂಕೆಯೊಳಗೆ. ಇಂಥ ಕವಚದೊಳಗಿನ ಗ್ರೀಸ್ ಅರ್ಧ ಶತಮಾನದಲ್ಲಿ ಅಂಟಿನಂತಾಗಿದೆ. ಅದನ್ನು ತೊಳೆಯಲು ಬಿಚ್ಚಿದವರು ಥ್ರೆಡ್ ಎಲ್ಲಿ ಬಿಟ್ಟುಕೊಂಡಿತೆಂದು ಗುರುತು ಹಾಕಿಕೊಳ್ಳದೆ ಬೇರೆ ಬಾಯಿಯಲ್ಲಿ ಹೊಗಿಸಿ ಮುಚ್ಚಿದರೆ ಮುಗಿಯಿತು: ಗಾಜಿನ ಲೆಕ್ಕವೂ ಕ್ಯಾಮಿನ ಲೆಕ್ಕವೂ ಇನ್ನೆಂದೂ ಕೂಡುವುದಿಲ್ಲ. ಹೊರಗಿನಿಂದ ಲೆನ್ಸು ಹೊಸದರಂತೆ ನುಣ್ಣಗೆ ತಿರುಗುತ್ತದೆ. ಸರ್ವಿಸ್ ಆಗಿದೆ ಎಂಬ ಮಾತಿನೊಂದಿಗೆ ಹೆಚ್ಚು ಬೆಲೆಗೆ ಮಾರಾಟವೂ ಆಗುತ್ತದೆ. ನನ್ನ ಅನುಭವದಲ್ಲಿ ಯಾರೂ ಬಿಚ್ಚದ, ಗಟ್ಟಿಯಾಗಿ ತಿರುಗುವ ಜುಪಿಟರ್-9, ನುಣ್ಣಗೆ ತಿರುಗುವ ಸರ್ವಿಸ್ ಆದದ್ದಕ್ಕಿಂತ ನಂಬಲರ್ಹ.

ಸೋವಿಯತ್ ಕಾರ್ಖಾನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಲಾರೆ. ಅಲ್ಯೂಮಿನಿಯಂ ಕವಚಗಳ ಥ್ರೆಡ್ ಮೆತ್ತಗಿದೆ, ಬೇಗ ಸವೆಯುತ್ತದೆ. ಒಳಗಿನ ಕಪ್ಪು ಬಣ್ಣ ಕೆಲವೆಡೆ ಸಾಲದೆ ಎದುರು ಬೆಳಕಿನಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಗಾಜಿನ ಗುಂಪು ತುಸು ವಾಲಿ ಕೂತ ಮಾದರಿಗಳನ್ನು ನೋಡಿದ್ದೇನೆ, ಅವು ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಏರುಪೇರು ಇತ್ತು. ಆದರೆ ಆ ಏರುಪೇರನ್ನು ಅಳೆಯುವ ಮೊದಲು, ಅದರ ಮೇಲೆ ಎಷ್ಟೋ ಕೈಗಳು ಹೇರಿದ ಏರುಪೇರನ್ನು ಬೇರ್ಪಡಿಸಬೇಕು. 1950ರ ದಶಕದ ಬೆಳ್ಳಿ ಬಣ್ಣದವು ಒಳ್ಳೆಯವು, ಆಮೇಲಿನ ಕಪ್ಪು ಬಣ್ಣದವು ಕಳಪೆ ಎಂಬ ಇನ್ನೊಂದು ಜನಪ್ರಿಯ ನಂಬಿಕೆಗೂ ಇದೇ ಉತ್ತರ. ಯುದ್ಧಾನಂತರದ ಬಹುಪಾಲು ಲೆನ್ಸುಗಳ ಕ್ರಮಸಂಖ್ಯೆಯ ಮೊದಲ ಎರಡು ಅಂಕಿ ತಯಾರಾದ ವರ್ಷವನ್ನು ಹೇಳುತ್ತವೆ; ಅದನ್ನು ನೋಡಿ ಬೆಲೆ ಕಟ್ಟುವುದು ಸುಲಭ, ಮಂಜು ಗಾಜು ಹಿಡಿದು ನೋಡುವುದು ಕಷ್ಟ. ಲ್ಯಾಂಥನಂ ಗಾಜಿನ ಇಂಡಸ್ಟಾರ್-61 ತಡವಾಗಿ ಬಂದ, ಅಗ್ಗದ, ಕಪ್ಪು ಲೆನ್ಸ್. ಅದರ ಮೇಲೆ 52 ಎಂದೂ 55 ಎಂದೂ ಕೆತ್ತಿದ್ದು ಕಂಡು ನಗುವವರಿದ್ದಾರೆ. ನೆಟ್ಟಗೆ ಹೊಂದಿಸಿದ ಫೆಡ್ ಮೇಲೆ ಎಫ್/5.6ರಲ್ಲಿ ಅದು ಕೊಡುವ ವಿವರವನ್ನು ನಾನು ಯಾವ ಬೆಲೆಬಾಳುವ ಲೆನ್ಸಿನ ಪಕ್ಕದಲ್ಲೂ ಇಡಬಲ್ಲೆ.

ಗಾಜು ನಿರಪರಾಧಿ ಎಂಬುದಕ್ಕೆ ಈಗ ಎಲ್ಲರ ಕೈಯಲ್ಲೂ ಸಾಕ್ಷಿ ಇದೆ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಮೂಲಕ ಇದೇ ಜುಪಿಟರ್-8ನ್ನು ಹಾಕಿ, ಪರದೆಯನ್ನು ದೊಡ್ಡದು ಮಾಡಿ ಕಣ್ಣಿಗೆ ಫೋಕಸ್ ಮಾಡಿದರೆ, ತೋಳಿಲ್ಲ, ಬೆಣೆಯಿಲ್ಲ, 51.6 ಇಲ್ಲ. ಲೈಕಾದ ಮೇಲೆ ಮಂಕು ಎಂದು ತಳ್ಳಿದ ಅದೇ ಲೆನ್ಸು ಚೌಕಟ್ಟಿನ ನಡುಭಾಗದಲ್ಲಿ ರೆಪ್ಪೆಯ ಕೂದಲನ್ನು ಬಿಡಿಸಿ ತೋರಿಸುತ್ತದೆ. ಲೊಮೊಗ್ರಫಿ ಸಂಸ್ಥೆ 2016ರಲ್ಲಿ ಜುಪಿಟರ್-3ನ್ನು ಕ್ರಾಸ್ನೊಗೊರ್ಸ್ಕ್‌ನಲ್ಲೇ ಮತ್ತೆ ತಯಾರಿಸಿ, 0.7 ಮೀಟರ್‌ವರೆಗೆ ಫೋಕಸ್ ಆಗುವಂತೆ ಮಾಡಿ ಹೊಸ ಲೆನ್ಸಿನ ಬೆಲೆಗೆ ಮಾರಿತು. ಕೆಟ್ಟ ವಿನ್ಯಾಸಕ್ಕೆ ಯಾರೂ ಅಷ್ಟು ಕೊಡುವುದಿಲ್ಲ.

ಲೆನ್ಸುಗಳ ವಿಮರ್ಶೆ ಬರೆಯುವವರು ಇನ್ನು ಮುಂದಾದರೂ ನಾಲ್ಕು ಸಂಗತಿ ತಿಳಿಸಿ ಬರೆಯಲಿ: ಯಾವ ದೇಹದ ಮೇಲೆ ನೋಡಿದ್ದು, ಆ ದೇಹದ ಫಿಲ್ಮ್ ಸಮತಲ ಪರೀಕ್ಷೆಯಾಗಿತ್ತೇ, ದೂರ ಎಷ್ಟು, ಅಪರ್ಚರ್ ಎಷ್ಟು. ಇಷ್ಟಿಲ್ಲದ ವಿಮರ್ಶೆಯನ್ನು ನಂಬಿ ಯಾರೂ ಲೆನ್ಸನ್ನು ಕೊಳ್ಳುವುದೂ ಬೇಡ, ಎಸೆಯುವುದೂ ಬೇಡ. ಮನೆಯಲ್ಲಿ ಯುದ್ಧಪೂರ್ವದ ಫೆಡ್ ಇದ್ದು ಅದರ ಲೆನ್ಸೂ ಜೊತೆಗಿದ್ದರೆ, ಎರಡನ್ನೂ ಬೇರೆ ಬೇರೆ ಮಾರಿದರೆ ಹೆಚ್ಚು ಹಣ ಬರುತ್ತದೆಂದು ವ್ಯಾಪಾರಿ ಹೇಳುತ್ತಾನೆ. ಬೇರ್ಪಡಿಸಬೇಡಿ. ಆ ದೇಹಕ್ಕೆ ಹೊಂದುವ ಇನ್ನೊಂದು ಲೆನ್ಸ್ ತಯಾರಾಗಿಲ್ಲ.